ಒಂದು ಸಿಗ್ನಲ್ ಹಸಿರು, ಮುಂದಿನದು ಕೆಂಪು: ಜೋಡಿಸಿದ ಸಿಗ್ನಲ್‌ಗಳಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಹಸಿರು ಸಿಕ್ಕಿತು ಎಂದು ಗೇರ್ ಹಾಕಿ ಹೊರಟರೆ ಮುಂದಿನ ಜಂಕ್ಷನ್‌ನಲ್ಲಿ ಕೆಂಪು. ಅದು ಬಿಟ್ಟರೆ ಅದರ ಮುಂದಿನದರಲ್ಲೂ ಕೆಂಪು. "ಈ ಸಿಗ್ನಲ್‌ಗಳಿಗೆ ಒಂದಕ್ಕೊಂದು ಲಿಂಕೇ ಇಲ್ಲ ಮಾರಾಯ್ರೇ" ಎಂಬ ಮಾತು ಮಂಗಳೂರಿನಲ್ಲಿ ಬಸ್ಸಿನಲ್ಲೂ ಕೇಳುತ್ತದೆ, ಹೋಟೆಲಿನಲ್ಲೂ ಕೇಳುತ್ತದೆ. ಅದರ ಬೆನ್ನಿಗೇ ಸಲಹೆಯೂ ಬರುತ್ತದೆ: ಎಐ ಕ್ಯಾಮೆರಾ ಹಾಕಿ, ಹೊಸ ಕಂಟ್ರೋಲರ್ ತನ್ನಿ.

ನಾನು ಹೇಳುವುದು ಬೇರೆ. ಮೊದಲು ಗಡಿಯಾರ ನೋಡಿ. ಎರಡು ಸಿಗ್ನಲ್‌ಗಳಲ್ಲಿ ಹಸಿರು ಬೀಳುವ ಹೊತ್ತಿನ ನಡುವೆ ಎಷ್ಟು ಸೆಕೆಂಡ್ ಇದೆ, ಆ ಅಂತರ ಹೇಗೆ ಬದಲಾಗುತ್ತದೆ ಎನ್ನುವುದನ್ನು ಬರೆದುಕೊಂಡರೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ವಾರ್ಡ್ ಸಮಿತಿಯವರು, ಅಪಾರ್ಟ್‌ಮೆಂಟ್ ಸಂಘದವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹೊಸದಾಗಿ ಸಿಗ್ನಲ್ ಕೆಲಸಕ್ಕೆ ಬಂದವರು, ಯಾರು ಬೇಕಾದರೂ ಇದನ್ನು ಬಳಸಬಹುದು. ಫುಟ್‌ಪಾತ್‌ನಲ್ಲಿ ನಿಂತು ಮಾಡುವ ಪರೀಕ್ಷೆಗಳು ಮೊದಲು ಬರುತ್ತವೆ. ಸಿಗ್ನಲ್ ನಡೆಸುವ ಯಂತ್ರ (ಕಂಟ್ರೋಲರ್) ಇರುವ ಪೆಟ್ಟಿಗೆ ತೆರೆಯುವ ಕೆಲಸ ಕೊನೆಗೆ. ಅದು ಬಲ್ಲವರಿಗೆ ಮಾತ್ರ.

## ಶುರು ಮಾಡುವ ಮೊದಲು

ಮೂರು ಸಂಖ್ಯೆಗಳು ಗೊತ್ತಿದ್ದರೆ ಸಾಕು. ಒಂದು, ಸೈಕಲ್. ನಿಮ್ಮ ದಿಕ್ಕಿಗೆ ಹಸಿರು ಬಿದ್ದ ಕ್ಷಣದಿಂದ ಮತ್ತೆ ಹಸಿರು ಬೀಳುವವರೆಗಿನ ಪೂರ್ತಿ ಸುತ್ತು ಇದು. ಎರಡು, ಆ ಸುತ್ತಿನಲ್ಲಿ ನಿಮ್ಮ ದಿಕ್ಕಿಗೆ ಸಿಗುವ ಹಸಿರಿನ ಪಾಲು. ಮೂರು, ಆಫ್‌ಸೆಟ್. ಹಿಂದಿನ ಸಿಗ್ನಲ್ ಹಸಿರಾದ ಎಷ್ಟು ಸೆಕೆಂಡ್ ಮೇಲೆ ಮುಂದಿನದು ಹಸಿರಾಗುತ್ತದೆ ಎನ್ನುವ ಲೆಕ್ಕ.

ಸಿಗ್ನಲ್ ಜೋಡಣೆ ಎಂದರೆ ಮುಖ್ಯವಾಗಿ ಈ ಮೂರನೆಯದು. ನೆಲದಡಿ ಕೇಬಲ್ ಇರಲೇಬೇಕು ಎಂದೇನಿಲ್ಲ. ಎರಡೂ ಪೆಟ್ಟಿಗೆಗಳಲ್ಲಿ ಒಂದೇ ಸೈಕಲ್ ಇದ್ದು, ಎರಡರ ಗಡಿಯಾರಗಳೂ ಒಂದೇ ಸಮಯ ತೋರಿಸಿದರೆ ತಂತಿಯಿಲ್ಲದೆಯೂ ಜೋಡಿಯಾಗಿ ನಡೆಯುತ್ತವೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 1917ರಲ್ಲೇ ಆರು ಜಂಕ್ಷನ್‌ಗಳನ್ನು ಕೈಯಿಂದ ಹಾಕುವ ಒಂದೇ ಸ್ವಿಚ್‌ನಲ್ಲಿ ನಡೆಸುತ್ತಿದ್ದರು. ಕಂಪ್ಯೂಟರ್ ಬರುವುದಕ್ಕೂ ಎಷ್ಟೋ ಮೊದಲಿನ ಮಾತು ಇದು.

ಬೇಕಾದ ಸಾಮಾನು: ಇಬ್ಬರು ಜನ, ಎರಡು ಫೋನ್, ಒಂದು ನೋಟ್‌ಬುಕ್. ಮಳೆಗಾಲವಾದರೆ ಕೊಡೆ.

ಎಚ್ಚರಿಕೆ: ಫುಟ್‌ಪಾತ್‌ನಲ್ಲೇ ನಿಲ್ಲಿ. ನಡುವಿನ ಡಿವೈಡರ್ ಮೇಲೆ ನಿಲ್ಲಬೇಡಿ. ವಾಹನ ಓಡಿಸುತ್ತಾ ಫೋನಿನಲ್ಲಿ ಸಮಯ ಅಳೆಯಬೇಡಿ, ಆ ಕೆಲಸ ಪಕ್ಕದಲ್ಲಿ ಕುಳಿತವರಿಗೆ ಬಿಡಿ. ಸಿಗ್ನಲ್ ಪೆಟ್ಟಿಗೆಯೊಳಗೆ 230 ವೋಲ್ಟ್ ಕರೆಂಟ್ ಇರುತ್ತದೆ. ಬಾಗಿಲು ತೆರೆದೇ ಇದ್ದರೂ ಕೈ ಹಾಕಬೇಡಿ. ಮಳೆಯಲ್ಲಿ ಕಂಬ ಮುಟ್ಟಬೇಡಿ. ತಂತಿ ಜೋತು ಬಿದ್ದಿದ್ದರೆ ಅಥವಾ ಕಂಬದ ಬುಡದಲ್ಲಿ ನೀರು ನಿಂತಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ದೂರ ಸರಿದು ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ.

## ಲಕ್ಷಣ: ಪ್ರತಿ ಸಲವೂ ಮುಂದಿನ ಸಿಗ್ನಲ್‌ನಲ್ಲಿ ಅದೇ ಜಾಗದಲ್ಲಿ ಕೆಂಪು

ಒಬ್ಬರು ಹಿಂದಿನ ಜಂಕ್ಷನ್‌ನಲ್ಲಿ, ಇನ್ನೊಬ್ಬರು ಮುಂದಿನದರಲ್ಲಿ ನಿಲ್ಲಿ. ಫೋನ್ ಕಾಲ್ ಹಾಕಿಕೊಂಡಿರಿ. ಹಿಂದಿನವರು ಹಸಿರು ಬಿದ್ದ ಕೂಡಲೇ "ಬಿತ್ತು" ಎನ್ನಲಿ. ಮುಂದಿನವರು ಅಲ್ಲಿಂದ ತಮ್ಮ ಹಸಿರಿನವರೆಗೆ ಅಳೆಯಲಿ. ಐದಾರು ಸುತ್ತು ಹೀಗೆ ಮಾಡಿ.

ಪ್ರತಿ ಸುತ್ತಿನಲ್ಲೂ ಒಂದೇ ಅಂಕಿ ಬಂದರೆ ಅದು ಒಳ್ಳೆಯ ಸುದ್ದಿ. ಎರಡೂ ಒಂದೇ ತಾಳದಲ್ಲಿ ನಡೆಯುತ್ತಿವೆ. ಆಫ್‌ಸೆಟ್ ಮಾತ್ರ ತಪ್ಪಾಗಿದೆ. ಇದನ್ನು ಪ್ರೋಗ್ರಾಮ್‌ನಲ್ಲಿ ಒಂದು ಸಂಖ್ಯೆ ಬದಲಿಸಿ ಸರಿ ಮಾಡಬಹುದು.

ಸರಿಯಾದ ಸಂಖ್ಯೆ ಯಾವುದು? ದೂರವನ್ನು ವೇಗದಿಂದ ಭಾಗಿಸಿ. ಎರಡು ಜಂಕ್ಷನ್‌ಗಳ ನಡುವೆ 400 ಮೀಟರ್ ಇದೆ, ವಾಹನಗಳು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತವೆ ಎಂದುಕೊಳ್ಳಿ. ಆಗ 48 ಸೆಕೆಂಡ್. ಇಲ್ಲಿ ಎರಡು ತಿದ್ದುಪಡಿ ಬೇಕು.

ಮೊದಲನೆಯದು, ಮುಂದಿನ ಸಿಗ್ನಲ್‌ನಲ್ಲಿ ಮೊದಲೇ ನಿಂತಿರುವ ಸಾಲು. ಅಡ್ಡರಸ್ತೆಯಿಂದ ತಿರುಗಿ ಬಂದ ವಾಹನಗಳು ಅಲ್ಲಿ ಕಾಯುತ್ತಿರುತ್ತವೆ. ಅವು ಜಾಗ ಖಾಲಿ ಮಾಡುವಷ್ಟು ಮುಂಚೆ ಹಸಿರು ಬೀಳಬೇಕು. ಪುಸ್ತಕದಲ್ಲಿ ಒಂದು ಕಾರಿಗೆ ಸುಮಾರು 2 ಸೆಕೆಂಡ್ ಎಂದಿರುತ್ತದೆ. ನಮ್ಮಲ್ಲಿ ಬೈಕು, ಸ್ಕೂಟರುಗಳು ಸಂದಿಯಲ್ಲಿ ನುಗ್ಗಿ ಮುಂದೆ ಬಂದು ನಿಲ್ಲುವುದರಿಂದ ಆ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ನಿಂತ ಸಾಲು ಕರಗಲು ಎಷ್ಟು ಹೊತ್ತು ಬೇಕು ಎಂದು ನೇರವಾಗಿ ಅಳೆಯಿರಿ. 12 ಸೆಕೆಂಡ್ ಬೇಕಾದರೆ ಆಫ್‌ಸೆಟ್ 48 ಅಲ್ಲ, 36.

ಎರಡನೆಯದು ಏರು ಇಳಿವು. ಬಯಲು ಸೀಮೆಯ ಊರುಗಳಿಗೆ ಈ ತಲೆನೋವಿಲ್ಲ. ಕದ್ರಿ, ಬಲ್ಮಠದ ಕಡೆ ತುಂಬಿದ ಬಸ್ಸು ಏರಿನಲ್ಲಿ ನಿಂತು ಹೊರಟರೆ ವೇಗ ಹಿಡಿಯುವುದಕ್ಕೇ ಹೊತ್ತು ಹೋಗುತ್ತದೆ. ಅದೇ ರಸ್ತೆಯಲ್ಲಿ ಇಳಿಯುವವರು ಬೇಗ ತಲುಪುತ್ತಾರೆ. ಹಾಗಾಗಿ ಏರಿಗೂ ಇಳಿಜಾರಿಗೂ ಬೇರೆ ಬೇರೆ ವೇಗ ಹಿಡಿಯಬೇಕು. ನಕ್ಷೆ ನೋಡಿ ಕಚೇರಿಯಲ್ಲೇ ಕುಳಿತು ಹಾಕಿದ ಆಫ್‌ಸೆಟ್ ಮಂಗಳೂರಿನಲ್ಲಿ ಸೋಲುವುದು ಸಾಮಾನ್ಯವಾಗಿ ಇಲ್ಲೇ.

ಅಂದಹಾಗೆ, ಹೀಗೆ ಜೋಡಿಸಿದ ರಸ್ತೆಯಲ್ಲಿ ಬೇಗ ಓಡಿ ಲಾಭವಿಲ್ಲ. ಅದೇ 400 ಮೀಟರನ್ನು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿದರೆ 24 ಸೆಕೆಂಡಿನಲ್ಲಿ ಮುಟ್ಟುತ್ತೀರಿ. ಉಳಿದ ಹೊತ್ತು ಕೆಂಪಿನ ಎದುರು ನಿಲ್ಲುತ್ತೀರಿ. ಟೈಮಿಂಗ್ ಹಿಡಿಯಲು ಹಾರಿ ಬರುವ ಸಿಟಿ ಬಸ್ಸಿನವರಿಗೂ ಇದೇ ಲೆಕ್ಕ.

## ಲಕ್ಷಣ: ಒಮ್ಮೆ ಹಸಿರು ಸಿಗುತ್ತದೆ, ಒಮ್ಮೆ ಇಲ್ಲ, ಲೆಕ್ಕವೇ ಸಿಗುವುದಿಲ್ಲ

ಅದೇ ಪರೀಕ್ಷೆ ಮಾಡಿ. ಈ ಸಲ ಅಂತರ 30, 40, 50, 60 ಎಂದು ಒಂದೇ ಅಳತೆಯಲ್ಲಿ ಜಾರುತ್ತಿದೆಯೇ ನೋಡಿ. ಹಾಗಿದ್ದರೆ ಎರಡೂ ಕಡೆ ಸೈಕಲ್ ಬೇರೆ ಬೇರೆ ಇದೆ ಎಂದರ್ಥ. ಒಂದು ಕಡೆ 120 ಸೆಕೆಂಡ್, ಇನ್ನೊಂದು ಕಡೆ 110 ಇದ್ದರೆ ಪ್ರತಿ ಸುತ್ತಿಗೆ 10 ಸೆಕೆಂಡ್ ಜಾರುತ್ತದೆ. 22 ನಿಮಿಷಕ್ಕೊಮ್ಮೆ ಎರಡೂ ಮತ್ತೆ ಹೊಂದುತ್ತವೆ. ಆ ಹೊತ್ತಿಗೆ ಬಂದವರು "ಇವತ್ತು ಸೂಪರ್" ಎನ್ನುತ್ತಾರೆ. ಹತ್ತು ನಿಮಿಷ ಬಿಟ್ಟು ಬಂದವರು ಬೈಯುತ್ತಾರೆ. ಇಬ್ಬರೂ ಹೇಳುವುದು ನಿಜವೇ.

ಇದರ ಕಾರಣ ಹೆಚ್ಚಾಗಿ ಒಳ್ಳೆಯ ಮನಸ್ಸಿನ ಕೆಲಸ. ಯಾರೋ ಒಂದು ಜಂಕ್ಷನ್ ಬಗ್ಗೆ ದೂರು ಕೊಟ್ಟಿರುತ್ತಾರೆ. ಅಲ್ಲಿಗೆ ಬಂದವರು "10 ಸೆಕೆಂಡ್ ಜಾಸ್ತಿ ಕೊಟ್ಟುಬಿಡೋಣ" ಎಂದು ಕೊಟ್ಟಿರುತ್ತಾರೆ. ಆ ಹತ್ತು ಸೆಕೆಂಡನ್ನು ಅದೇ ಸುತ್ತಿನೊಳಗೆ ಬೇರೆ ದಿಕ್ಕಿನಿಂದ ಕಡಿಮೆ ಮಾಡದಿದ್ದರೆ ಸೈಕಲ್ಲೇ ಉದ್ದವಾಗುತ್ತದೆ. ಇಡೀ ರಸ್ತೆಯ ಜೋಡಣೆ ಮುರಿಯುತ್ತದೆ.

ಪರಿಹಾರ: ಒಂದು ಗುಂಪಿನ ಎಲ್ಲ ಸಿಗ್ನಲ್‌ಗಳಿಗೂ ಒಂದೇ ಸೈಕಲ್. ಸಣ್ಣ ಜಂಕ್ಷನ್‌ಗೆ ಅದರ ಸರಿಯಾಗಿ ಅರ್ಧ ಇಡಬಹುದು, 120ಕ್ಕೆ 60.

ಅಂತರ ಜಾರದೆ, ತೋಚಿದಂತೆ ಹಾರುತ್ತಿದ್ದರೆ? ಆಗ ಎರಡು ಸಾಧ್ಯತೆ. ಅಲ್ಲಿ ಪೊಲೀಸರು ಕೈಯಿಂದ ನಡೆಸುತ್ತಿರಬೇಕು. ಇಲ್ಲವೇ ಅದು ವಾಹನ ನೋಡಿ ಸಮಯ ಬದಲಿಸುವ ಸಿಗ್ನಲ್ ಆಗಿರಬೇಕು. ಎರಡನೆಯ ಬಗೆಯದರಲ್ಲಿ ಕೌಂಟ್‌ಡೌನ್ ಟೈಮರ್ 30ರಿಂದ ಧಡಕ್ಕನೆ 12ಕ್ಕೆ ಇಳಿಯಬಹುದು. ಅದು ದೋಷವಲ್ಲ, ನಿರ್ಧಾರ ಬದಲಾದದ್ದು.

## ಲಕ್ಷಣ: ಮೊದಲು ಚೆನ್ನಾಗಿತ್ತು, ನಿಧಾನಕ್ಕೆ ಹಾಳಾಯಿತು, ಅಥವಾ ಕರೆಂಟ್ ಹೋಗಿ ಬಂದ ಮೇಲೆ ಹಾಳಾಯಿತು

ಗಡಿಯಾರದ ಮೇಲೆ ಅನುಮಾನ ಪಡಬೇಕಾದದ್ದು ಇಲ್ಲಿ. ಒಂದೇ ದಿನದೊಳಗೆ ಅಂತರ ಬದಲಾಗುವುದಿಲ್ಲ. ಇವತ್ತು ಅಳೆದು, ವಾರ ಬಿಟ್ಟು ಅದೇ ಹೊತ್ತಿಗೆ ಅಳೆದರೆ ಬೇರೆ ಅಂಕಿ ಬರುತ್ತದೆ.

ಪೆಟ್ಟಿಗೆಯೊಳಗಿನ ಸಾಧಾರಣ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಆಚೀಚೆ ಹೋಗುವುದು ಮಾಮೂಲಿ. ಕೈಗಡಿಯಾರಕ್ಕೆ ಅದು ದೊಡ್ಡ ವಿಷಯವಲ್ಲ. ಆದರೆ ಜೋಡಿಸಿದ ಸಿಗ್ನಲ್‌ಗಳಲ್ಲಿ ಒಂದಕ್ಕೊಂದು ದಿನಕ್ಕೆ 2 ಸೆಕೆಂಡ್ ದೂರವಾದರೆ ತಿಂಗಳಿಗೆ 60 ಸೆಕೆಂಡ್. 120ರ ಸೈಕಲ್‌ನಲ್ಲಿ ಅದು ಸರಿಯಾಗಿ ಅರ್ಧ. ಹಸಿರು ಬೀಳಬೇಕಾದಲ್ಲಿ ಕೆಂಪು ಬಿದ್ದಿರುತ್ತದೆ. ಇನ್ನೊಂದು ತಿಂಗಳು ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ! ಹಾಗೆ ಸರಿಹೋದಾಗ ಯಾರೋ ರಿಪೇರಿ ಮಾಡಿದರು ಎಂದುಕೊಳ್ಳುತ್ತೇವೆ.

ಪೆಟ್ಟಿಗೆ ತೆರೆಯದೆ ಗಡಿಯಾರ ಪರೀಕ್ಷಿಸುವ ದಾರಿಯೂ ಇದೆ. ಬೆಳಿಗ್ಗೆ ಬ್ಲಿಂಕರ್ (ಹಳದಿ ದೀಪ ಮಾತ್ರ ಮಿನುಗುವುದು) ನಿಂತು ಸಿಗ್ನಲ್ ಶುರುವಾಗುವ ಹೊತ್ತನ್ನು, ಅಥವಾ ರಾತ್ರಿ ಬ್ಲಿಂಕರ್‌ಗೆ ಹೋಗುವ ಹೊತ್ತನ್ನು ಅಕ್ಕಪಕ್ಕದ ಜಂಕ್ಷನ್‌ಗಳಲ್ಲಿ ಬರೆದುಕೊಳ್ಳಿ. ಎಲ್ಲಕ್ಕೂ ಒಂದೇ ಹೊತ್ತು ನಿಗದಿಯಾಗಿದ್ದೂ ಒಂದು ಮಾತ್ರ ನಾಲ್ಕೈದು ನಿಮಿಷ ತಡ ಮಾಡಿದರೆ ಅದರ ಗಡಿಯಾರ ಹಿಂದೆ ಬಿದ್ದಿದೆ. ಹಗಲು ಹತ್ತು ಗಂಟೆಗೆ ಒಂದು ಜಂಕ್ಷನ್ ಮಾತ್ರ ಹಳದಿ ಮಿನುಗುತ್ತಾ ನಿಂತಿದ್ದರೆ, ಕರೆಂಟ್ ಹೋಗಿ ಬಂದಾಗ ಸಮಯ ಸೊನ್ನೆಯಿಂದ ಶುರುವಾಗಿ ಅದು ಇನ್ನೂ ರಾತ್ರಿ ಎಂದೇ ತಿಳಿದಿರಬಹುದು. ಭಾನುವಾರದ ಪ್ಲಾನ್ (ಆ ದಿನಕ್ಕೆಂದು ಹಾಕಿಟ್ಟ ಸಮಯಪಟ್ಟಿ) ಮಂಗಳವಾರ ನಡೆಯುತ್ತಿದ್ದರೆ ಸಮಯ ಸರಿಯಿದ್ದರೂ ತಾರೀಕು ತಪ್ಪಿದೆ.

ಖರ್ಚಿನ ಕ್ರಮದಲ್ಲಿ ನೋಡುವುದಾದರೆ, ಮೊದಲು ಗಡಿಯಾರದ ಬಟನ್ ಬ್ಯಾಟರಿ. ಕರೆಂಟ್ ಇಲ್ಲದಾಗ ಸಮಯ ಕಾಯುವುದು ಅದೇ. ಆಮೇಲೆ ಜಿಪಿಎಸ್ ಇದ್ದರೆ ಅದರ ಆಂಟೆನಾ. ಆಂಟೆನಾಗೆ ತೆರೆದ ಆಕಾಶ ಬೇಕು. ಮರದ ಕೊಂಬೆ ಬೆಳೆದು ಮುಚ್ಚಿದೆಯೇ, ಕೇಬಲ್ಲಿನ ಜಾಯಿಂಟ್‌ಗೆ ನೀರು ಹೋಗಿದೆಯೇ ನೋಡಬೇಕು. ಸಮುದ್ರದ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಎರಡೂ ಸೇರಿ ನಮ್ಮಲ್ಲಿ ಜಾಯಿಂಟ್‌ಗಳಿಗೆ ಕಿಲುಬು ಹಿಡಿಯುವುದು ಬೇಗ. ಮೂರನೆಯದು, ಕೇಂದ್ರದಿಂದ ಸಮಯ ಬರುವ ವ್ಯವಸ್ಥೆಯಾದರೆ ಅದರ ನೆಟ್‌ವರ್ಕ್. ಮೊಬೈಲ್ ಸಿಮ್ ಮೇಲೆ ನಡೆಯುವ ಕಡೆ ಸಿಮ್ ರೀಚಾರ್ಜ್ ಆಗಿದೆಯೇ ಎಂದು ಮೊದಲು ಕೇಳಿ. ನಗಬೇಡಿ, ಕೇಳಿ.

ಕೇಂದ್ರದ ಸಂಪರ್ಕ ತಪ್ಪಿದರೆ ಸಿಗ್ನಲ್ ಆರಿಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಮೊದಲೇ ಉಳಿಸಿಟ್ಟ ಪ್ಲಾನ್‌ಗೆ ಹೋಗುತ್ತದೆ. ಆ ಪ್ಲಾನ್ ಹಳೆಯದಾಗಿದ್ದರೆ, ಈಗ ಒನ್‌ವೇ ಆಗಿರುವ ರಸ್ತೆಗೂ ಅದು ಹಸಿರು ಕೊಡುತ್ತಾ ಇರುತ್ತದೆ.

## ಲಕ್ಷಣ: ಹಸಿರು ಇದೆ, ಆದರೂ ಮುಂದೆ ಹೋಗಲು ಜಾಗವಿಲ್ಲ

ಇದನ್ನು ಸಿಗ್ನಲ್ ದೋಷ ಎಂದು ಬರೆಯುವವರೇ ಜಾಸ್ತಿ. ನಿಜವಾಗಿ ಇದು ಬ್ಲಾಕ್. ಮುಂದಿನ ಜಂಕ್ಷನ್‌ನ ಸಾಲು ಹಿಂದೆ ಬೆಳೆದು ನಿಮ್ಮ ಜಂಕ್ಷನ್ ಮುಟ್ಟಿದೆ. ಆಫ್‌ಸೆಟ್ ಎಷ್ಟು ತಿದ್ದಿದರೂ ಇದು ಬಗೆಹರಿಯುವುದಿಲ್ಲ.

ಸಾಲಿನ ಬಾಲದಿಂದ ತಲೆಯ ಕಡೆಗೆ ಫುಟ್‌ಪಾತ್‌ನಲ್ಲಿ ನಡೆದುಕೊಂಡು ಹೋಗಿ. ತಲೆಯಲ್ಲಿ ಏನಿದೆ ಎಂದು ನೋಡಿ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ಜಂಕ್ಷನ್ ದಾಟಿದ ಕೂಡಲೇ ನಿಂತ ಬಸ್ಸು. ಸ್ಟೇಟ್‌ಬ್ಯಾಂಕ್ ಕಡೆಯ ಬಸ್ಸು ನಿಂತಿದೆ, ಹಿಂದೆ ಇನ್ನೊಂದು ಬಂದು ಪಕ್ಕಕ್ಕೆ ನಿಂತಿದೆ, ಕಂಡಕ್ಟರ್ ಇಳಿದು ಜನ ಕರೆಯುತ್ತಿದ್ದಾರೆ. ಎರಡು ಲೇನ್ ಹೋಯಿತು. ಹಿಂದಿನ ಹಸಿರು ಪೂರ್ತಿ ವ್ಯರ್ಥ. ಇಲ್ಲಿ ಬೇಕಾದದ್ದು ಬಸ್ ನಿಲುಗಡೆಯನ್ನು ಸ್ವಲ್ಪ ಮುಂದೆ ಸರಿಸುವುದು, ಬಸ್ ಬೇ ಖಾಲಿ ಇಡುವುದು. ಎಷ್ಟು ಬುದ್ಧಿವಂತ ಸಾಫ್ಟ್‌ವೇರ್ ತಂದರೂ ನಿಂತ ಬಸ್ಸನ್ನು ಅದು ತಳ್ಳುವುದಿಲ್ಲ.

ತಲೆಯಲ್ಲಿ ಬಸ್ಸಿಲ್ಲ, ಮುಂದಿನ ಸಿಗ್ನಲ್ಲೇ ಕಾರಣ ಎಂದಾದರೆ ಹಿಂದಿನ ಜಂಕ್ಷನ್‌ನ ಹಸಿರನ್ನು ಕಡಿಮೆ ಮಾಡಬೇಕು. ಹೌದು, ಕಡಿಮೆ. ಜಾಗವಿಲ್ಲದ ಕಡೆಗೆ ಇನ್ನಷ್ಟು ವಾಹನ ಕಳುಹಿಸಿದರೆ ಅವು ಜಂಕ್ಷನ್ ಮಧ್ಯದಲ್ಲೇ ನಿಲ್ಲುತ್ತವೆ, ಅಡ್ಡ ರಸ್ತೆಯೂ ಕಟ್ಟುತ್ತದೆ. ಮಡಿಕೇರಿ ಕಡೆಯಿಂದ, ಮೂಡುಬಿದಿರೆ ಕಡೆಯಿಂದ, ಹೆದ್ದಾರಿ 66ರ ಎರಡೂ ಕಡೆಯಿಂದ ಬರುವ ವಾಹನಗಳೆಲ್ಲ ಪಂಪ್‌ವೆಲ್, ನಂತೂರಿನ ಆಸುಪಾಸಿನಲ್ಲೇ ಸೇರುವ ಊರು ಇದು. ಊರೊಳಗೆ ಬಿಡುವ ಬಾಗಿಲಲ್ಲೇ ಸ್ವಲ್ಪ ತಡೆದರೆ ಒಳಗಿನ ರಸ್ತೆಗಳು ಉಸಿರಾಡುತ್ತವೆ. ಜನರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

"ಸೈಕಲ್ ಉದ್ದ ಮಾಡಿ, ಎಲ್ಲರಿಗೂ ಜಾಸ್ತಿ ಹಸಿರು ಸಿಗಲಿ" ಎಂಬ ಸಲಹೆಗೂ ಒಂದು ಮಿತಿ ಇದೆ. ನಾಲ್ಕು ದಿಕ್ಕು ಬದಲಾಗುವಾಗ ಒಂದು ಸುತ್ತಿನಲ್ಲಿ ಸುಮಾರು 20 ಸೆಕೆಂಡ್ ಯಾರಿಗೂ ದಕ್ಕದೆ ಹೋಗುತ್ತದೆ ಎಂದುಕೊಳ್ಳಿ. 60ರ ಸೈಕಲ್‌ನಲ್ಲಿ ಅದು ಮೂರನೇ ಒಂದು ಭಾಗ, 120ರಲ್ಲಿ ಆರನೇ ಒಂದು, 180ರಲ್ಲಿ ಒಂಬತ್ತನೇ ಒಂದು. 60ರಿಂದ 120ಕ್ಕೆ ಹೋದಾಗ ಸಿಕ್ಕ ಲಾಭ 180ಕ್ಕೆ ಹೋದಾಗ ಸಿಗುವುದಿಲ್ಲ. ಕಾಯುವ ಸಾಲು ಮಾತ್ರ ಉದ್ದವಾಗುತ್ತದೆ, ಉದ್ದವಾದ ಸಾಲು ಹಿಂದಿನ ಜಂಕ್ಷನ್ ಮುಟ್ಟುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 93ನೇ ಸಂಹಿತೆ ಸಿಗ್ನಲ್ ವಿನ್ಯಾಸಕ್ಕೆಂದೇ ಇದೆ. ಲೆಕ್ಕ ಮಾಡುವವರು ಅಲ್ಲಿಂದ ಶುರು ಮಾಡಬಹುದು.

## ಲಕ್ಷಣ: ಹೋಗುವಾಗ ಸರಾಗ, ಬರುವಾಗ ಪ್ರತಿ ಸಿಗ್ನಲ್‌ನಲ್ಲೂ ಕೆಂಪು

ಇದು ಬಹಳ ಸಲ ದೋಷವೇ ಅಲ್ಲ. ಎರಡೂ ದಿಕ್ಕಿಗೆ ಒಟ್ಟಿಗೆ ಹಸಿರು ಹೊಂದಬೇಕಾದರೆ ಹೋಗಿ ಬರುವ ಒಟ್ಟು ಸಮಯ ಸೈಕಲ್‌ಗೆ ಸಮನಾಗಿರಬೇಕು. 120 ಸೆಕೆಂಡ್ ಸೈಕಲ್, ಗಂಟೆಗೆ 30 ಕಿ.ಮೀ. ಎಂದರೆ ಜಂಕ್ಷನ್‌ಗಳ ನಡುವೆ 500 ಮೀಟರ್ ಇರಬೇಕು. 250 ಮೀಟರ್ ಇದ್ದರೆ ಅತಿ ಕೆಟ್ಟದ್ದು: ಒಂದು ದಿಕ್ಕಿಗೆ ಪೂರ್ತಿ ಹೊಂದಿಸಿದರೆ ಎದುರಿನವರಿಗೆ ಅರ್ಧ ಸೈಕಲ್ ತಪ್ಪುತ್ತದೆ. ನಮ್ಮ ಹಳೆಯ ರಸ್ತೆಗಳ ಜಂಕ್ಷನ್‌ಗಳನ್ನು ಯಾರೂ ಅಳತೆ ಹಿಡಿದು ಕಟ್ಟಿಲ್ಲ ಅಲ್ವಾ?

ನೋಡಬೇಕಾದದ್ದು ಒಂದೇ. ಬೆಳಿಗ್ಗೆ ಹಂಪನಕಟ್ಟೆ ಕಡೆಗೆ ಹೋಗುವವರಿಗೆ, ಸಂಜೆ ಕೊಟ್ಟಾರ ಚೌಕಿ ಕಡೆಗೆ ಮರಳುವವರಿಗೆ ಅನುಕೂಲ ಆಗುವಂತೆ ಪ್ಲಾನ್ ಬದಲಾಗುತ್ತಿದೆಯೇ? ಸಂಜೆಯೂ ಬೆಳಗಿನ ದಿಕ್ಕಿಗೇ ಹಸಿರು ಹೊಂದುತ್ತಿದ್ದರೆ ಪ್ಲಾನ್ ಬದಲಾಗಿಲ್ಲ. ಮತ್ತೆ ಗಡಿಯಾರಕ್ಕೆ ಹೋಗಿ.

## ಲಕ್ಷಣ: ಪೊಲೀಸರು ಕೈಯಿಂದ ನಡೆಸಿದ ಮೇಲೆ ಜೋಡಣೆ ತಪ್ಪುತ್ತದೆ

ಮ್ಯಾನುಯಲ್‌ನಿಂದ ಆಟೊಗೆ ಮರಳಿದ ಮೇಲೆ ಕಂಟ್ರೋಲರ್ ಒಂದೆರಡು ಸುತ್ತು ಹಸಿರನ್ನು ಹಿಗ್ಗಿಸಿ ಕುಗ್ಗಿಸಿ ತನ್ನ ಆಫ್‌ಸೆಟ್ ಹುಡುಕಿಕೊಳ್ಳುತ್ತದೆ. ಹತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಸರಿಯಾದರೆ ಮರೆತುಬಿಡಿ. ಆಗದಿದ್ದರೆ ಸ್ವಿಚ್ ಮ್ಯಾನುಯಲ್‌ನಲ್ಲೇ ಉಳಿದಿರಬಹುದು. ಕುದ್ರೋಳಿ ದಸರಾ ಮೆರವಣಿಗೆಯಂಥ ದಿನ ಕೈಯಿಂದ ನಡೆಸದೆ ಬೇರೆ ದಾರಿಯಿಲ್ಲ. ಮಾಮೂಲಿ ದಿನದಲ್ಲಿ ಒಂದು ಕಡೆ ಸಾಲು ಪೂರ್ತಿ ಖಾಲಿಯಾಗುವವರೆಗೆ ಬಿಟ್ಟರೆ ಮುಂದಿನ ಜಂಕ್ಷನ್‌ಗೆ ಒಮ್ಮೆಲೇ ಪ್ರವಾಹ ಬರುತ್ತದೆ, ಆಮೇಲೆ ಬರಗಾಲ.

## ಲಕ್ಷಣ: ಅಡ್ಡ ರಸ್ತೆಯಲ್ಲಿ ಯಾರೂ ಇಲ್ಲ, ಆದರೂ ಅದಕ್ಕೇ ಹಸಿರು

ರಾತ್ರಿ ಬ್ಲಿಂಕರ್ ಶುರುವಾಗುವ ಸ್ವಲ್ಪ ಮೊದಲು, ರಸ್ತೆ ಖಾಲಿ ಇರುವಾಗ ನೋಡಿ. ವಾಹನ ನೋಡಿ ನಡೆಯಬೇಕಾದ ಸಿಗ್ನಲ್ ಖಾಲಿ ದಿಕ್ಕಿಗೆ ಪ್ರತಿ ಸುತ್ತಿನಲ್ಲೂ ಪೂರ್ತಿ ಹಸಿರು ಕೊಟ್ಟರೆ ಅದರ ಕಣ್ಣು, ಅಂದರೆ ವಾಹನ ಗುರುತಿಸುವ ಸಾಧನ, ಕೆಟ್ಟಿದೆ. ಕಣ್ಣು ಕೆಟ್ಟಾಗ "ವಾಹನ ಇದೆ" ಎಂದೇ ತಿಳಿಯುವಂತೆ ಇವನ್ನು ಮಾಡಿರುತ್ತಾರೆ. ಇಲ್ಲವಾದರೆ ಆ ದಿಕ್ಕಿನವರು ಬೆಳಗಿನವರೆಗೂ ಕಾಯಬೇಕಾದೀತು.

ಕ್ಯಾಮೆರಾ ಆದರೆ ಗಾಜಿನ ಮೇಲೆ ಜೇಡರ ಬಲೆ, ಪಾಚಿ, ನೀರಿನ ಹನಿ ಇದೆಯೇ ನೋಡಿ. ಒರೆಸಿದರೆ ಕೆಲಸ ಮುಗಿಯುತ್ತದೆ, ಆದರೆ ಏಣಿ ಹತ್ತುವುದು ನಿರ್ವಹಣೆಯವರ ಕೆಲಸ. ರಸ್ತೆಯಡಿಯ ತಂತಿಯ ಲೂಪ್ ಆದರೆ ಇತ್ತೀಚೆಗೆ ಅಲ್ಲಿ ನೀರಿನ ಪೈಪಿಗೋ ಚರಂಡಿಗೋ ಅಗೆದಿದ್ದಾರೆಯೇ ಎಂದು ಅಂಗಡಿಯವರನ್ನು ಕೇಳಿ. ಕಾಂಕ್ರೀಟ್ ರಸ್ತೆಯ ಕಬ್ಬಿಣದ ಜಾಲಿ ಕೂಡ ಲೂಪಿನ ಸೂಕ್ಷ್ಮತೆ ಕುಗ್ಗಿಸುತ್ತದೆ.

## ಇಲ್ಲಿ ಪರೀಕ್ಷೆ ನಿಲ್ಲಿಸಿ

ಅಡ್ಡಡ್ಡ ಬರುವ ಎರಡು ದಿಕ್ಕುಗಳಿಗೆ ಒಟ್ಟಿಗೆ ಹಸಿರು ಕಂಡರೆ ಅಳತೆ ಬಿಡಿ, ಕೂಡಲೇ 112ಕ್ಕೆ ಹೇಳಿ. ಒಳ್ಳೆಯ ಕಂಟ್ರೋಲರ್‌ನಲ್ಲಿ ಹಾಗಾಗುವ ಮೊದಲೇ ಎಲ್ಲ ಕಡೆ ಬ್ಲಿಂಕರ್‌ಗೆ ಹಾಕುವ ಕಾವಲು ಇರುತ್ತದೆ. ಹಾಗಾಗಿ ಸಿಡಿಲು ಬಡಿದ ರಾತ್ರಿಯ ಮರುದಿನ ಜಂಕ್ಷನ್ ಹಳದಿ ಮಿನುಗುತ್ತಿದ್ದರೆ ಅದು ತನ್ನ ಕೆಲಸ ಸರಿಯಾಗಿ ಮಾಡುತ್ತಿರಬಹುದು. ಆಫ್ ಆನ್ ಮಾಡಿ ಬಲವಂತವಾಗಿ ಓಡಿಸಲು ಯಾರನ್ನೂ ಒತ್ತಾಯಿಸಬೇಡಿ. ಒಳಗೆ ಏನು ಸುಟ್ಟಿದೆ ಎಂದು ತಂತ್ರಜ್ಞರು ನೋಡಬೇಕು.

ಸಮಯ ತಿದ್ದುವವರಿಗೂ ಒಂದು ಮಾತು. ಹಸಿರು ಸಾಲದೆ ಹೋದರೆ ಹಳದಿಯಿಂದ, ಎಲ್ಲ ಕಡೆ ಕೆಂಪಿರುವ ಆ ಒಂದೆರಡು ಸೆಕೆಂಡಿನಿಂದ, ಪಾದಚಾರಿಗಳ ಸಮಯದಿಂದ ಕದಿಯಬೇಡಿ. ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಹಿಡಿದರೂ 14 ಮೀಟರ್ ಅಗಲದ ರಸ್ತೆ ದಾಟಲು 12 ಸೆಕೆಂಡ್ ಬೇಕು. ಶಾಲೆ, ಆಸ್ಪತ್ರೆ ಹತ್ತಿರ ಇನ್ನೂ ಜಾಸ್ತಿ.

## ದೂರು ಬರೆಯುವುದು ಹೇಗೆ?

"ಸಿಗ್ನಲ್ ಸರಿಯಿಲ್ಲ" ಎಂದು ಬರೆದರೆ ಯಾರೋ ಬಂದು ದೀಪ ಉರಿಯುತ್ತಿದೆ ಎಂದು ನೋಡಿ ಹೋಗುತ್ತಾರೆ. ಹೀಗೆ ಬರೆಯಿರಿ: ಇಂಥ ತಾರೀಕು, ಬೆಳಿಗ್ಗೆ 9ರಿಂದ 9.20, ಈ ಜಂಕ್ಷನ್‌ನಿಂದ ಆ ಜಂಕ್ಷನ್ ಕಡೆಗೆ. ಮೊದಲನೆಯದರ ಸೈಕಲ್ 120, ಎರಡನೆಯದರ ಸೈಕಲ್ 110. ಹಸಿರಿನ ಅಂತರ ಕ್ರಮವಾಗಿ ಇಷ್ಟಿಷ್ಟು. ಪೊಲೀಸರು ಕೈಯಿಂದ ನಡೆಸುತ್ತಿರಲಿಲ್ಲ. ಮಳೆ ಇರಲಿಲ್ಲ.

ಸಂಚಾರ ಪೊಲೀಸರಿಗೆ ಒಂದು ಪ್ರತಿ, ಪಾಲಿಕೆಗೆ ಒಂದು ಪ್ರತಿ ಕೊಡಿ. ಸಮಯ ಬದಲಿಸುವವರು ಒಬ್ಬರು, ಪೆಟ್ಟಿಗೆ ರಿಪೇರಿ ಮಾಡಿಸುವವರು ಇನ್ನೊಬ್ಬರು ಇರಬಹುದು. ಸರಿ ಮಾಡಿದೆವು ಎಂದು ಉತ್ತರ ಬಂದ ದಿನ ಒಮ್ಮೆ ಅಳೆಯಿರಿ, ತಿಂಗಳು ಬಿಟ್ಟು ಅದೇ ಹೊತ್ತಿಗೆ ಇನ್ನೊಮ್ಮೆ ಅಳೆಯಿರಿ. ಎರಡೂ ಅಂಕಿಗಳು ಒಂದೇ ಆಗಿದ್ದರೆ ಮಾತ್ರ ದೂರು ಮುಚ್ಚಲು ಒಪ್ಪಿಕೊಳ್ಳಿ.